ಪರಿಶೀಲನೆ ಇಲ್ಲದೆ ಹೋದ 1.1 ಕೋಟಿ ಡಾಲರ್: ಟೆಕ್ಸಾಸ್‌ನ ಒಂದು ಬಯೋಟೆಕ್ ಅನುದಾನದ ಕಥೆ

2012ರ ನವೆಂಬರ್. ಅಮೆರಿಕದ ಟೆಕ್ಸಾಸ್ ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ ಒಂದು ಸರ್ಕಾರಿ ಸಂಸ್ಥೆ ತನ್ನ ಹಳೆಯ ಫೈಲ್‌ಗಳನ್ನು ಮತ್ತೆ ತೆಗೆದು ನೋಡುತ್ತಿತ್ತು. ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೊಡುವ ಸಂಸ್ಥೆ ಅದು. ಪೂರ್ತಿ ಹೆಸರು ಕ್ಯಾನ್ಸರ್ ಪ್ರಿವೆನ್ಷನ್ ಅಂಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ಸಾಸ್. ಎಲ್ಲರ ಬಾಯಲ್ಲೂ ಅದು ಸಿಪ್ರಿಟ್. ಆ ಫೈಲ್‌ಗಳ ನಡುವೆ ಡಲ್ಲಾಸ್‌ನ ಒಂದು ಪುಟ್ಟ ಬಯೋಟೆಕ್ ಕಂಪನಿಯ ಫೈಲ್ ಇತ್ತು. 2010ರಲ್ಲಿ ಅದಕ್ಕೆ 1.1 ಕೋಟಿ ಡಾಲರ್ ಅನುದಾನ ಮಂಜೂರಾಗಿತ್ತು. ಆದರೆ ಯಾವ ವಿಜ್ಞಾನಿಯೂ ಆ ಅರ್ಜಿಯನ್ನು ಓದಿ ಅಂಕ ಕೊಟ್ಟಿರಲಿಲ್ಲ. ವ್ಯವಹಾರ ಬಲ್ಲವರೂ ನೋಡಿರಲಿಲ್ಲ. ಮಂಜೂರಾತಿಯ ಪಟ್ಟಿಯಲ್ಲಿ ಹೆಸರು ಸೇರಿತ್ತು, ಕಮಿಟಿ ಪಟ್ಟಿಗೆ ಒಪ್ಪಿಗೆ ಕೊಟ್ಟಿತ್ತು, ಅಷ್ಟೇ.

ಕಂಪನಿಯ ಹೆಸರು ಪೆಲೋಟನ್ ಥೆರಪ್ಯೂಟಿಕ್ಸ್. (ವ್ಯಾಯಾಮದ ಸೈಕಲ್ ಮಾಡುವ ಪೆಲೋಟನ್ ಬೇರೆ, ಇದು ಬೇರೆ.) ಏಳು ವರ್ಷದ ನಂತರ ಇದೇ ಕಂಪನಿಯನ್ನು ದೊಡ್ಡ ಔಷಧ ಕಂಪನಿ ಮರ್ಕ್ ನೂರು ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ಕೊಂಡುಕೊಂಡಿತು. ಇದರ ಔಷಧ ಇಂದು ರೋಗಿಗಳ ಕೈಯಲ್ಲಿದೆ.

ಹಾಗಾದರೆ ಆ ಅನುದಾನ ತಪ್ಪೋ, ಸರಿಯೋ? ಬಯೋಟೆಕ್ ಕಂಪನಿಗಳಿಗೆ ರಾಜ್ಯ ಸರ್ಕಾರ ಹೇಗೆ ನೆರವಾಗಬೇಕು, ತೆರಿಗೆಯಲ್ಲಿ ಕ್ರೆಡಿಟ್ (ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ) ಕೊಡಬೇಕೋ, ನೇರವಾಗಿ ಹಣ ಕೊಡಬೇಕೋ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಪ್ರಕರಣ. ಎರಡೂ ದಾರಿಗಳ ಬಲ ಮತ್ತು ಅಪಾಯ ಇದರಲ್ಲಿ ಒಟ್ಟಿಗೇ ಕಾಣುತ್ತವೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮತದಾರರು ಒಪ್ಪಿದ ಸಾಲ

ಸಿಪ್ರಿಟ್ ಹುಟ್ಟಿದ್ದು ಮತಪೆಟ್ಟಿಗೆಯಲ್ಲಿ. ಟೆಕ್ಸಾಸ್‌ನ ಮಾಜಿ ಗವರ್ನರ್ ಆ್ಯನ್ ರಿಚರ್ಡ್ಸ್ 2006ರ ಸೆಪ್ಟೆಂಬರ್‌ನಲ್ಲಿ ಅನ್ನನಾಳದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಆಪ್ತ ಬಳಗದಿಂದಲೇ ಈ ಯೋಚನೆ ಬಂತು. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಊರೂರು ತಿರುಗಿ ಪ್ರಚಾರ ಮಾಡಿದರು. 2007ರ ನವೆಂಬರ್‌ನಲ್ಲಿ ಪ್ರಸ್ತಾವ 15 ಎಂಬ ಹೆಸರಲ್ಲಿ ಅದು ಮತಕ್ಕೆ ಬಂತು. ರಾಜ್ಯ ಸರ್ಕಾರ ಬಾಂಡ್ ಮಾರಿ 300 ಕೋಟಿ ಡಾಲರ್ ಸಾಲ ಎತ್ತಬೇಕು, ವರ್ಷಕ್ಕೆ ಹೆಚ್ಚೆಂದರೆ 30 ಕೋಟಿಯಂತೆ ಕ್ಯಾನ್ಸರ್ ಸಂಶೋಧನೆಗೆ ಕೊಡಬೇಕು ಎಂಬುದು ಪ್ರಸ್ತಾವ. ಶೇ. 61ರಷ್ಟು ಜನ ಹೌದು ಎಂದರು.

ಇಲ್ಲೊಂದು ಮಾತು ಹೇಳಲೇಬೇಕು. ತೆರಿಗೆ ಕ್ರೆಡಿಟ್ ಕೊಡುವಾಗ ಯಾವ ಸರ್ಕಾರವೂ ಜನರ ಮುಂದೆ ಹೀಗೆ ಬಂದು ನಿಲ್ಲುವುದಿಲ್ಲ. ಶಾಸನಸಭೆಯಲ್ಲಿ ಒಂದು ಕಲಂ ಸೇರುತ್ತದೆ. ಬರಬೇಕಿದ್ದ ತೆರಿಗೆ ಬರುವುದಿಲ್ಲ. ಎಷ್ಟು ಬರಲಿಲ್ಲ ಎಂಬುದು ಸಾಮಾನ್ಯ ಜನರ ಕಣ್ಣಿಗೆ ಬೀಳುವುದೂ ಇಲ್ಲ. ಅನುದಾನ ಹಾಗಲ್ಲ. ಅದು ಬಜೆಟ್‌ನಲ್ಲಿ ಕಾಣುತ್ತದೆ, ಮೊತ್ತ ಗೊತ್ತಿರುತ್ತದೆ, ಯಾರಿಗೆ ಹೋಯಿತೆಂದು ಹೆಸರು ಹಿಡಿದು ಕೇಳಬಹುದು. ಸಿಪ್ರಿಟ್‌ನ ತಪ್ಪು ಹೊರಗೆ ಬಂದದ್ದಕ್ಕೂ ಇದೇ ಕಾರಣ ಅಂತ ನನ್ನ ಅನಿಸಿಕೆ.

ಶುರುವಿನಲ್ಲಿ ಸಂಸ್ಥೆಯನ್ನು ಬಹಳ ಎಚ್ಚರದಿಂದ ಕಟ್ಟಿದರು. ಮುಖ್ಯ ವಿಜ್ಞಾನಿಯಾಗಿ ಆಲ್ಫ್ರೆಡ್ ಗಿಲ್ಮನ್ ಬಂದರು. 1994ರ ವೈದ್ಯಕೀಯ ನೊಬೆಲ್ ಪಡೆದವರು, ಡಲ್ಲಾಸ್‌ನ ಯುಟಿ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದವರು. ಅರ್ಜಿಗಳನ್ನು ಅಳೆಯುವ ವಿಜ್ಞಾನಿಗಳ ಮಂಡಳಿಗೆ ಇನ್ನೊಬ್ಬ ನೊಬೆಲ್ ವಿಜೇತ ಫಿಲಿಪ್ ಶಾರ್ಪ್ ಅಧ್ಯಕ್ಷರಾದರು. ಅರ್ಜಿ ಓದುವವರೆಲ್ಲ ಟೆಕ್ಸಾಸ್‌ನ ಹೊರಗಿನವರೇ ಆಗಿರಬೇಕು ಎಂದು ನಿಯಮ ಮಾಡಿದರು. ಒಂದೇ ಊರಿನ ವಿಜ್ಞಾನಿಗಳು ಒಬ್ಬರಿಗೊಬ್ಬರು ಅಂಕ ಹಾಕಿಕೊಂಡರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ, ಅಲ್ವಾ? ಆ ಬಾಗಿಲನ್ನು ಮೊದಲೇ ಮುಚ್ಚಿದ್ದರು. ಆದರೆ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆದಿತ್ತು.

ಲಾಭವೇ ಇಲ್ಲದ ಕಂಪನಿಗೆ ತೆರಿಗೆ ಕ್ರೆಡಿಟ್ ಯಾಕೆ?

ಆ ಬಾಗಿಲಿನ ವಿಷಯಕ್ಕೆ ಹೋಗುವ ಮೊದಲು ಪೆಲೋಟನ್ ಯಾವ ಸ್ಥಿತಿಯಲ್ಲಿತ್ತು ಎಂದು ನೋಡೋಣ.

ನಮ್ಮ ಜೀವಕೋಶಗಳಿಗೆ ಆಮ್ಲಜನಕ ಸಾಕಷ್ಟಿದೆಯೋ ಇಲ್ಲವೋ ಎಂದು ತಿಳಿಯುವ ಒಂದು ವ್ಯವಸ್ಥೆ ಇದೆ. ಆಮ್ಲಜನಕ ಕಡಿಮೆಯಾದಾಗ ಹಿಫ್ ಎಂಬ ಪ್ರೋಟೀನುಗಳು ಎದ್ದು ಕೆಲಸ ಶುರು ಮಾಡುತ್ತವೆ. ಹೊಸ ರಕ್ತನಾಳ ಬೆಳೆಸಿ ಎಂದು ಜೀನುಗಳಿಗೆ ಅಪ್ಪಣೆ ಕೊಡುತ್ತವೆ. ಆಮ್ಲಜನಕ ಸಾಕಷ್ಟಿದ್ದಾಗ ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನು ಈ ಹಿಫ್‌ಗಳನ್ನು ನಾಶ ಮಾಡಿಸುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ವಿಎಚ್‌ಎಲ್ ಜೀನು ಕೆಟ್ಟಿರುತ್ತದೆ. ಅವರ ಮೂತ್ರಪಿಂಡ, ಮೆದುಳು, ಬೆನ್ನುಹುರಿ, ಕಣ್ಣು, ಮೇದೋಜೀರಕ ಗ್ರಂಥಿಗಳಲ್ಲಿ ಗೆಡ್ಡೆಗಳು ಹುಟ್ಟುತ್ತಲೇ ಇರುತ್ತವೆ. ಒಂದನ್ನು ಕತ್ತರಿಸಿ ತೆಗೆದರೆ ಇನ್ನೊಂದು ಬರುತ್ತದೆ. ಜೀವನವಿಡೀ ಆಪರೇಷನ್ ಮೇಲೆ ಆಪರೇಷನ್.

ಈ ಪ್ರೋಟೀನುಗಳಲ್ಲೊಂದಾದ ಹಿಫ್-2 ಆಲ್ಫಾವನ್ನು 1997ರಲ್ಲಿ ಗುರುತಿಸಿದವರಲ್ಲಿ ಯುಟಿ ಸೌತ್‌ವೆಸ್ಟರ್ನ್‌ನ ಸ್ಟೀವನ್ ಮೆಕ್‌ನೈಟ್ ಮತ್ತು ಡೇವಿಡ್ ರಸೆಲ್ ಇದ್ದರು. ಇಂಥ ಪ್ರೋಟೀನಿಗೆ ಔಷಧ ಮಾಡಲು ಆಗುವುದೇ ಇಲ್ಲ ಎಂದು ಔಷಧ ಲೋಕ ನಂಬಿತ್ತು. ಔಷಧದ ಅಣು ಹೋಗಿ ಕೂರಲು ಅದರಲ್ಲಿ ಜಾಗವೇ ಇಲ್ಲ ಎಂಬುದು ಅವರ ವಾದ. ಅದೇ ಕ್ಯಾಂಪಸ್ಸಿನ ರಿಚರ್ಡ್ ಬ್ರೂಯಿಕ್ ಮತ್ತು ಕೆವಿನ್ ಗಾರ್ಡ್ನರ್ ಈ ಪ್ರೋಟೀನಿನ ಒಳಗೆ ಒಂದು ಸಣ್ಣ ಪೊಟರೆ ಇರುವುದನ್ನು ಕಂಡರು. ಅಲ್ಲಿಗೆ ಒಂದು ಅಣುವನ್ನು ಸೇರಿಸಿದರೆ ಹಿಫ್-2 ಆಲ್ಫಾ ತನ್ನ ಜೊತೆಗಾರ ಪ್ರೋಟೀನಿನಿಂದ ಬೇರೆಯಾಗುತ್ತದೆ, ಅಪ್ಪಣೆ ನಿಲ್ಲುತ್ತದೆ. ಈ ಒಂದು ಪೊಟರೆಯನ್ನು ನಂಬಿ ಮೆಕ್‌ನೈಟ್ ಮುಂದಾಳತ್ವದಲ್ಲಿ ಕಂಪನಿ ಕಟ್ಟಿದರು.

2010ರಲ್ಲಿ ಅವರ ಹತ್ತಿರ ಇದ್ದದ್ದು ಇಷ್ಟೇ. ಮಾರಲು ಸರಕಿಲ್ಲ. ಆದಾಯವಿಲ್ಲ. ಔಷಧ ರೋಗಿಯ ಬಳಿ ತಲುಪಲು ಹತ್ತು ವರ್ಷವಾದರೂ ಬೇಕು. ಇಂಥ ಕಂಪನಿಗೆ ಸರ್ಕಾರ "ನಿಮ್ಮ ತೆರಿಗೆಯಲ್ಲಿ ಕಡಿತ ಮಾಡುತ್ತೇವೆ" ಎಂದರೆ ಏನು ಉಪಯೋಗ? ಕಟ್ಟಬೇಕಾದ ತೆರಿಗೆಯೇ ಇಲ್ಲವಲ್ಲ.

ಟೆಕ್ಸಾಸ್‌ನಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ವ್ಯಕ್ತಿಗಳಿಗೆ ರಾಜ್ಯದ ಆದಾಯ ತೆರಿಗೆ ಇಲ್ಲ. ಕಂಪನಿಗಳ ಮೇಲೆ ಫ್ರಾಂಚೈಸ್ ತೆರಿಗೆ ಎಂಬುದೊಂದಿದೆ. ಆಗ ವಾರ್ಷಿಕ ಆದಾಯ ಸುಮಾರು 10 ಲಕ್ಷ ಡಾಲರ್ ದಾಟದ ಕಂಪನಿ ಅದನ್ನು ಕಟ್ಟಬೇಕಿರಲಿಲ್ಲ. 2014ರ ಜನವರಿಯಿಂದ ಸಂಶೋಧನೆ ಮಾಡುವ ಕಂಪನಿಗಳಿಗೆ ಈ ತೆರಿಗೆಯಲ್ಲಿ ಕ್ರೆಡಿಟ್ ಕೊಡುವ ಕಾನೂನು ಜಾರಿಗೆ ಬಂತು. ಸಂಶೋಧನಾ ವೆಚ್ಚ ಹೆಚ್ಚಿಸಿದಷ್ಟಕ್ಕೆ ಶೇ. 5ರ ಲೆಕ್ಕ. ಆದರೆ ಆ ವರ್ಷ ಕಟ್ಟಬೇಕಾದ ತೆರಿಗೆಯ ಅರ್ಧಕ್ಕಿಂತ ಜಾಸ್ತಿ ಕಡಿತ ಇಲ್ಲ. ಉಳಿದದ್ದನ್ನು 20 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ದೊಡ್ಡ ಚಿಪ್ ಕಂಪನಿಗೆ, ತೈಲ ಕಂಪನಿಗೆ ಇದು ಒಳ್ಳೆಯ ಕೊಡುಗೆ. ಮೂರು ವರ್ಷದೊಳಗೆ ಬ್ಯಾಂಕ್ ಖಾತೆ ಖಾಲಿಯಾಗುವ ಸ್ಟಾರ್ಟಪ್‌ಗೆ 20 ವರ್ಷದ ಭರವಸೆ ಯಾವ ಕೆಲಸಕ್ಕೂ ಬರುವುದಿಲ್ಲ.

ಬೇರೆ ರಾಜ್ಯಗಳು ಈ ತೊಡಕನ್ನು ಅರಿತು ದಾರಿ ಹುಡುಕಿವೆ. ನ್ಯೂಜೆರ್ಸಿಯದು ನನಗೆ ತುಂಬ ಇಷ್ಟವಾದ ಉಪಾಯ. 1990ರ ದಶಕದ ಕೊನೆಯಿಂದ ಅಲ್ಲಿ ಸಣ್ಣ ಬಯೋಟೆಕ್ ಮತ್ತು ತಂತ್ರಜ್ಞಾನ ಕಂಪನಿಗಳು ತಮ್ಮ ನಷ್ಟವನ್ನೇ ಮಾರಬಹುದು. ನಷ್ಟದಿಂದ ಮುಂದೆ ಸಿಗಬೇಕಾದ ತೆರಿಗೆ ಲಾಭವನ್ನು ಇಂದೇ ಲಾಭದಲ್ಲಿರುವ ದೊಡ್ಡ ಕಂಪನಿಗೆ ಕೊಟ್ಟು, ಅದರ ಬೆಲೆಯ ಕನಿಷ್ಠ ಶೇ. 80ರಷ್ಟನ್ನು ನಗದಾಗಿ ಪಡೆಯುತ್ತಾರೆ. ಮ್ಯಾಸಚೂಸೆಟ್ಸ್ 2008ರಲ್ಲಿ ಜೀವವಿಜ್ಞಾನಕ್ಕೆಂದೇ ಹತ್ತು ವರ್ಷಕ್ಕೆ 100 ಕೋಟಿ ಡಾಲರ್‌ನ ಕಾನೂನು ಮಾಡಿತು. ಅದರಲ್ಲಿ 25 ಕೋಟಿ ತೆರಿಗೆ ರಿಯಾಯಿತಿಗೆ. ಆ ರಿಯಾಯಿತಿಗಳಲ್ಲಿ ಕೆಲವು, ತೆರಿಗೆ ಇಲ್ಲದಿದ್ದರೂ ಶೇ. 90ರಷ್ಟು ಹಣವಾಗಿ ವಾಪಸ್ ಬರುವಂಥವು. ಇಷ್ಟು ಜನರಿಗೆ ಕೆಲಸ ಕೊಡುತ್ತೇವೆ ಎಂದು ಕಂಪನಿ ಮೊದಲೇ ಬರೆದುಕೊಡಬೇಕು. ಕೊಡದಿದ್ದರೆ ರಿಯಾಯಿತಿ ರದ್ದು, ಮತ್ತು ಹಾಗೆ ರದ್ದು ಮಾಡಿಯೂ ಇದ್ದಾರೆ. ಅದೇ ಕಾನೂನಿನ ಇನ್ನೊಂದು ಭಾಗ ಅನುದಾನ. ಕೆಂಬ್ರಿಡ್ಜ್‌ನ ಕೆಂಡಲ್ ಸ್ಕ್ವೇರ್‌ನಲ್ಲಿ ಹೊಸ ಕಂಪನಿಗಳು ಹಂಚಿಕೊಂಡು ಬಳಸುವ ಲ್ಯಾಬ್‌ಸೆಂಟ್ರಲ್ ಎಂಬ ಪ್ರಯೋಗಾಲಯ 2013ರಲ್ಲಿ ಶುರುವಾದದ್ದು ಅದರ 50 ಲಕ್ಷ ಡಾಲರ್ ನೆರವಿನಿಂದ.

ಗಮನಿಸಿ ನೋಡಿ. ತೆರಿಗೆ ಕ್ರೆಡಿಟ್ ಚಿಕ್ಕ ಬಯೋಟೆಕ್‌ಗೆ ಉಪಯೋಗಕ್ಕೆ ಬಂದ ಕಡೆಯಲ್ಲೆಲ್ಲ ಅದು ನಗದಾಗಿ ಬದಲಾಗಿದೆ. ಹೆಸರು ಕ್ರೆಡಿಟ್, ಒಳಗಿರುವುದು ಅನುದಾನ.

ಇದಕ್ಕೆ 2010ರಲ್ಲೇ ಒಂದು ಒಳ್ಳೆಯ ಪರೀಕ್ಷೆ ನಡೆದಿತ್ತು. ಅದು ರಾಜ್ಯದ್ದಲ್ಲ, ಅಮೆರಿಕದ ಕೇಂದ್ರ ಸರ್ಕಾರದ್ದು. ಹೊಸ ಆರೋಗ್ಯ ಕಾನೂನಿನಡಿ, 250ಕ್ಕಿಂತ ಹೆಚ್ಚು ನೌಕರರಿಲ್ಲದ ಬಯೋಟೆಕ್ ಕಂಪನಿಗಳಿಗೆ 100 ಕೋಟಿ ಡಾಲರ್ ತೆಗೆದಿಟ್ಟರು. ಸಂಶೋಧನಾ ವೆಚ್ಚದ ಅರ್ಧದವರೆಗೆ ನೆರವು. ಕ್ರೆಡಿಟ್ ಬೇಕೋ, ನಗದು ಅನುದಾನ ಬೇಕೋ ಎಂಬ ಆಯ್ಕೆ ಕಂಪನಿಯದೇ. ಬಹುಪಾಲು ಕಂಪನಿಗಳು ನಗದನ್ನೇ ಆರಿಸಿಕೊಂಡವು. ಆದರೆ ಅರ್ಹತೆ ಇದ್ದವರೆಲ್ಲರಿಗೂ ಹಂಚಿದ್ದರಿಂದ ಒಂದೊಂದು ಯೋಜನೆಗೆ ಸಿಕ್ಕ ಗರಿಷ್ಠ ಮೊತ್ತ 2,44,479 ಡಾಲರ್ ಮಾತ್ರ. ಸುಮಾರು 2,900 ಕಂಪನಿಗಳು ಅದನ್ನು ಹಂಚಿಕೊಂಡವು. ಪಕ್ಷಪಾತದ ಆರೋಪ ಬರಲು ಅಲ್ಲಿ ಜಾಗ ಕಡಿಮೆ. ಜೊತೆಗೆ, ಒಂದು ಔಷಧವನ್ನು ಪ್ರಯೋಗಾಲಯದಿಂದ ಆಸ್ಪತ್ರೆಯವರೆಗೆ ಒಯ್ಯುವಷ್ಟು ಹಣವೂ ಅಲ್ಲ.

ಪೆಲೋಟನ್‌ಗೆ ಸಿಕ್ಕಿದ್ದು 1.1 ಕೋಟಿ. ಅದರ 45 ಪಟ್ಟು. ಯಾರೋ ಒಬ್ಬರು ಆರಿಸಿದಾಗ ಮಾತ್ರ ಇಷ್ಟು ದೊಡ್ಡ ಮೊತ್ತ ಒಂದೇ ಕಡೆ ಸೇರುತ್ತದೆ. ಆದ್ದರಿಂದ ಆರಿಸುವವರು ಯಾರು, ಹೇಗೆ ಆರಿಸುತ್ತಾರೆ ಎಂಬುದರ ಮೇಲೆ ಅನುದಾನದ ಪೂರ್ತಿ ಭಾರ ಬೀಳುತ್ತದೆ. ಸಿಪ್ರಿಟ್ ಎಡವಿದ್ದು ಅಲ್ಲೇ.

ಎರಡು ದಾರಿ, ಒಂದಕ್ಕೆ ಮಾತ್ರ ಕಾವಲು

ವಿಶ್ವವಿದ್ಯಾಲಯಗಳ ಸಂಶೋಧನಾ ಅರ್ಜಿಗಳು ಗಿಲ್ಮನ್ ಅವರ ವಿಭಾಗಕ್ಕೆ ಹೋಗುತ್ತಿದ್ದವು. ಅಲ್ಲಿ ಪರಿಶೀಲನೆ ಬಿಗಿಯಾಗಿತ್ತು. ಕಂಪನಿಗಳ ಅರ್ಜಿಗಳು ವಾಣಿಜ್ಯ ವಿಭಾಗಕ್ಕೆ ಹೋಗುತ್ತಿದ್ದವು. ಅಲ್ಲಿಗೂ ನಿಯಮವಿತ್ತು, ಆದರೆ ನಿಯಮ ಪಾಲಿಸಿದ್ದಾರೋ ಇಲ್ಲವೋ ಎಂದು ನೋಡುವ ಬೇರೆ ಕಣ್ಣು ಇರಲಿಲ್ಲ. ಅಂತಿಮ ಒಪ್ಪಿಗೆ ಕೊಡುವ ಮೇಲ್ವಿಚಾರಣಾ ಸಮಿತಿಗೆ ಬರುತ್ತಿದ್ದದ್ದು ಶಿಫಾರಸಾದ ಹೆಸರುಗಳ ಪಟ್ಟಿ. ಪಟ್ಟಿಯಲ್ಲಿದೆ ಅಂದರೆ ಪರಿಶೀಲನೆ ಮುಗಿದಿದೆ ಅಂತಲೇ ಸದಸ್ಯರು ತಿಳಿದಿದ್ದರು. ಪೆಲೋಟನ್ ಹೆಸರು ಆ ಪಟ್ಟಿಯಲ್ಲಿ ಬಂತು. ಒಪ್ಪಿಗೆ ಸಿಕ್ಕಿತು.

ಮೊದಲು ಬಿರುಕು ಕಂಡದ್ದು ಮಾತ್ರ ಬೇರೆ ಕಡೆ. 2012ರ ಮಾರ್ಚ್‌ನಲ್ಲಿ ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರ ಮತ್ತು ರೈಸ್ ವಿಶ್ವವಿದ್ಯಾಲಯ ಸೇರಿ ಹೊಸ ಕಂಪನಿಗಳನ್ನು ಬೆಳೆಸುವ ಕೇಂದ್ರವೊಂದಕ್ಕೆ ಹಣ ಕೇಳಿದವು. ಕೆಲವೇ ಪುಟಗಳ ಅರ್ಜಿ. ಮಂಜೂರಾದದ್ದು 2 ಕೋಟಿ ಡಾಲರ್. ಅದರ ಬಹುಪಾಲು ಹೋಗಬೇಕಿದ್ದ ವಿಭಾಗದ ಮುಖ್ಯಸ್ಥೆ ಎಂ.ಡಿ. ಆ್ಯಂಡರ್ಸನ್‌ನ ಅಧ್ಯಕ್ಷರ ಪತ್ನಿ, ಸ್ವತಃ ಹೆಸರಾಂತ ವಿಜ್ಞಾನಿ. ಅರ್ಜಿಯನ್ನು ವಾಣಿಜ್ಯದ ದೃಷ್ಟಿಯಿಂದ ಮಾತ್ರ ನೋಡಿದ್ದರು. ವಿಜ್ಞಾನಿಗಳ ಮುಂದೆ ಇಟ್ಟಿರಲೇ ಇಲ್ಲ.

ಗಿಲ್ಮನ್ ಒಪ್ಪಲಿಲ್ಲ. ಮೇ ತಿಂಗಳಲ್ಲಿ ರಾಜೀನಾಮೆ ಘೋಷಿಸಿದರು. ಅಕ್ಟೋಬರ್‌ನಲ್ಲಿ ಹೊರಗೆ ನಡೆದರು. ಅವರು ತಮ್ಮ ಹಳೆಯ ಸಂಸ್ಥೆಯಾದ ಯುಟಿ ಸೌತ್‌ವೆಸ್ಟರ್ನ್ ಪರ ಎಂಬ ಟೀಕೆಯೂ ಕೇಳಿಬಂತು. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಒಂದು ಊರಿನದಲ್ಲ. ಫಿಲಿಪ್ ಶಾರ್ಪ್ ಕೂಡ ಬಿಟ್ಟರು. ಅವರ ಹಿಂದೆ ಹತ್ತಾರು ಪರಿಶೀಲಕರು ರಾಜೀನಾಮೆ ಕೊಟ್ಟರು. ದೇಶದ ಬೇರೆ ಬೇರೆ ಮೂಲೆಗಳಲ್ಲಿ ಕೂತು ಟೆಕ್ಸಾಸ್ ಜನರ ದುಡ್ಡನ್ನು ಕಾಯುತ್ತಿದ್ದವರು ಅವರು. ಅವರಿಲ್ಲದೆ ಸಂಸ್ಥೆಯಲ್ಲಿ ಉಳಿದದ್ದು ಖಜಾನೆ ಮಾತ್ರ.

ಎಂ.ಡಿ. ಆ್ಯಂಡರ್ಸನ್ ತನ್ನ ಅರ್ಜಿಯನ್ನು ಮತ್ತೆ ಪರಿಶೀಲನೆಗೆ ಕೊಡಲು ಒಪ್ಪಿತು. ಅಷ್ಟರಲ್ಲಿ ಹಳೆಯ ಫೈಲ್‌ಗಳು ಹೊರಗೆ ಬಂದವು, ಪೆಲೋಟನ್ ವಿಷಯ ಬಯಲಾಯಿತು. ವಾಣಿಜ್ಯ ವಿಭಾಗದ ಮುಖ್ಯಸ್ಥರು ನವೆಂಬರ್‌ನಲ್ಲಿ, ಕಾರ್ಯನಿರ್ವಾಹಕ ನಿರ್ದೇಶಕರು ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅದೇ ಡಿಸೆಂಬರ್‌ನಲ್ಲಿ ಗವರ್ನರ್ ರಿಕ್ ಪೆರಿ ಮತ್ತು ಶಾಸನಸಭೆಯ ನಾಯಕರು ಹೊಸ ಅನುದಾನಗಳನ್ನು ನಿಲ್ಲಿಸಲು ಹೇಳಿದರು. 2013ರ ಜನವರಿಯಲ್ಲಿ ರಾಜ್ಯದ ಆಡಿಟರ್ ವರದಿ ಬಂತು. ಒಟ್ಟು 5.6 ಕೋಟಿ ಡಾಲರ್‌ನ ಮೂರು ಅನುದಾನಗಳು ಸರಿಯಾದ ಪರಿಶೀಲನೆಯಿಲ್ಲದೆ ಹೋಗಿವೆ ಎಂದಿತು. ಮೂರನೆಯದು ಕ್ಯಾನ್ಸರ್ ಔಷಧ ಪ್ರಯೋಗಗಳ ರಾಜ್ಯಮಟ್ಟದ ಜಾಲವೊಂದಕ್ಕೆ ಕೊಟ್ಟ 2.52 ಕೋಟಿ. ಆ ಜಾಲ ಅದೇ ವರ್ಷ ಬಾಗಿಲು ಮುಚ್ಚಿತು.

ವಾಣಿಜ್ಯ ವಿಭಾಗದ ಮಾಜಿ ಮುಖ್ಯಸ್ಥರ ಮೇಲೆ ಪೆಲೋಟನ್ ವಿಷಯದಲ್ಲಿ ಕ್ರಿಮಿನಲ್ ಕೇಸ್ ಆಯಿತು. 2014ರ ನವೆಂಬರ್‌ನಲ್ಲಿ ಆಸ್ಟಿನ್‌ನ ಜ್ಯೂರಿ ಅವರು ತಪ್ಪಿತಸ್ಥರಲ್ಲ ಎಂದು ಬಿಡುಗಡೆ ಮಾಡಿತು. ಅದಕ್ಕೇ ಇದನ್ನು ಒಬ್ಬ ಮನುಷ್ಯನ ಕಥೆಯಾಗಿ ಓದಬೇಡಿ. ಒಬ್ಬರ ಕೈತಪ್ಪಿನಿಂದ 1.1 ಕೋಟಿ ಡಾಲರ್ ಹೊರಗೆ ಹೋಗಬಹುದಾದರೆ, ಆ ವ್ಯವಸ್ಥೆಯನ್ನು ಕಟ್ಟಿದ ರೀತಿಯಲ್ಲೇ ದೋಷವಿದೆ.

ನನಗೆ ಬೇಸರ ತರುವುದು ಇನ್ನೊಂದು ವಿಷಯ. ಅನುದಾನಗಳು ನಿಂತದ್ದು 2013ರ ಅಕ್ಟೋಬರ್ ಕೊನೆಯವರೆಗೆ. ಹತ್ತು ತಿಂಗಳಿಗೂ ಜಾಸ್ತಿ. ಆ ಹೊತ್ತಿಗೆ ಸರಿಯಾದ ದಾರಿಯಲ್ಲೇ ಬಂದು, ಒಳ್ಳೆಯ ಅಂಕ ಪಡೆದು, ಕರಾರಿಗೆ ಸಹಿ ಹಾಕಲು ಕಾಯುತ್ತಿದ್ದವರೂ ಇದ್ದರು. ಅವರ ತಪ್ಪು ಏನೂ ಇರಲಿಲ್ಲ. ಪರಿಶೀಲನೆ ಬಿಟ್ಟರೆ ಸಮಯ ಉಳಿಯುತ್ತದೆ ಅಂತ ಅನಿಸಬಹುದು. ಇಲ್ಲಿ ಮೂರು ಅರ್ಜಿಗಳಲ್ಲಿ ಉಳಿದ ಸಮಯಕ್ಕೆ ಇಡೀ ರಾಜ್ಯದ ಸಂಶೋಧಕರು ಹತ್ತು ತಿಂಗಳು ತೆತ್ತರು.

ಟೆಕ್ಸಾಸ್ ಸಿಪ್ರಿಟ್ ಅನ್ನು ಮುಚ್ಚಿಬಿಡಬಹುದಿತ್ತು. ಮುಚ್ಚಿ ಎಂದು ಕೇಳಿದವರೂ ಇದ್ದರು. ಶಾಸನಸಭೆ ಅದರ ಬದಲು ನಿಯಮಗಳನ್ನು ತಿದ್ದಿತು. ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ವಕೀಲರು) ಮತ್ತು ಕಂಪ್ಟ್ರೋಲರ್ (ಹಣಕಾಸಿನ ಮುಖ್ಯ ಅಧಿಕಾರಿ) ಮೇಲ್ವಿಚಾರಣಾ ಸಮಿತಿಯಿಂದ ಹೊರಬಂದರು. ಸಂಸ್ಥೆಗೆ ದೇಣಿಗೆ ಕೊಟ್ಟವರು ಅನುದಾನ ಪಡೆಯುವಂತಿಲ್ಲ ಎಂದಾಯಿತು. ಸಮಿತಿಯ ಮೂರರಲ್ಲಿ ಎರಡು ಪಾಲು ಮತ ಇಲ್ಲದೆ ಮಂಜೂರಾತಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಯಮ ಪಾಲಿಸಿದ್ದಾರೋ ಇಲ್ಲವೋ ಎಂದು ನೋಡುವ ಕಂಪ್ಲಯನ್ಸ್ ಅಧಿಕಾರಿ ಎಂಬ ಹೊಸ ಹುದ್ದೆ ಬಂತು.

ಕಂಪನಿಗಳಿಗೆ ಇನ್ನೊಂದು ಷರತ್ತೂ ಇದೆ. ಸಿಪ್ರಿಟ್ ಎರಡು ಡಾಲರ್ ಕೊಟ್ಟರೆ ಕಂಪನಿ ಒಂದು ಡಾಲರ್ ತನ್ನದು ಹಾಕಬೇಕು. ಹಣ ಕಂತುಗಳಲ್ಲಿ ಬರುತ್ತದೆ, ಗುರಿ ಮುಟ್ಟಿದಂತೆಲ್ಲ ಮುಂದಿನ ಕಂತು. ಔಷಧ ಗೆದ್ದರೆ ಗಳಿಕೆಯಲ್ಲಿ ರಾಜ್ಯಕ್ಕೂ ಪಾಲು. ತೆರಿಗೆ ಕ್ರೆಡಿಟ್‌ನಲ್ಲಿ ಒಂದು ಒಳ್ಳೆಯ ಗುಣವಿದೆ: ಕಂಪನಿ ಮೊದಲು ತನ್ನ ದುಡ್ಡು ಖರ್ಚು ಮಾಡಿರುತ್ತದೆ, ಆದ್ದರಿಂದ ಅದಕ್ಕೂ ಅಪಾಯದ ಅರಿವಿರುತ್ತದೆ. ಒಂದು ಡಾಲರ್‌ನ ಈ ಷರತ್ತು ಆ ಗುಣವನ್ನು ಅನುದಾನದ ಒಳಗೆ ತಂದಿದೆ. ಸರ್ಕಾರದ ಹೊರಗಿನ ಇನ್ನೊಬ್ಬರೂ ನಂಬಿ ಕೈಯಿಂದ ಹಣ ಹಾಕಿದ್ದಾರೆ ಎಂಬ ಸಾಕ್ಷಿ ಅದು.

ಔಷಧ ಗೆದ್ದಿತು. ಆಮೇಲೆ?

ಹಗರಣದಲ್ಲಿ ಹೆಸರು ಸಿಕ್ಕಿಹಾಕಿಕೊಂಡರೂ ಪೆಲೋಟನ್ ಕೆಲಸ ಬಿಡಲಿಲ್ಲ. ಮೊದಲ ಅಣುವನ್ನು ತಿದ್ದಿ ಇನ್ನೂ ಒಳ್ಳೆಯದೊಂದನ್ನು ಮಾಡಿದರು. 2019ರ ಮೇ ತಿಂಗಳಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಕಾಲಿಡುವ ಹೊಸ್ತಿಲಲ್ಲಿತ್ತು. ಆಗ ಮರ್ಕ್ ಬಂದು 105 ಕೋಟಿ ಡಾಲರ್ ಮುಂಗಡ, ಮುಂದೆ ಗುರಿಗಳನ್ನು ಮುಟ್ಟಿದರೆ 115 ಕೋಟಿವರೆಗೆ ಎಂದು ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ವೈದ್ಯಕೀಯ ನೊಬೆಲ್, ಜೀವಕೋಶ ಆಮ್ಲಜನಕವನ್ನು ಅರಿಯುವ ಬಗೆಯನ್ನು ಬಿಡಿಸಿದ ಮೂವರಿಗೆ ಬಂತು. ಹಿಫ್ ಮತ್ತು ವಿಎಚ್‌ಎಲ್ ಅವರ ಕೆಲಸದ ನಡುಮಧ್ಯೆ ಇದ್ದವು. ನವೆಂಬರ್‌ನಲ್ಲಿ ಟೆಕ್ಸಾಸ್ ಮತದಾರರು ಸಿಪ್ರಿಟ್‌ಗೆ ಇನ್ನೂ 300 ಕೋಟಿ ಡಾಲರ್ ಕೊಡಲು ಒಪ್ಪಿದರು.

2021ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರು ಬೆಲ್ಜುಟಿಫಾನ್. ವಿಎಚ್‌ಎಲ್ ಕಾಯಿಲೆಯ 61 ರೋಗಿಗಳ ಪ್ರಯೋಗದಲ್ಲಿ ಮೂತ್ರಪಿಂಡದ ಗೆಡ್ಡೆ ಶೇ. 49 ಜನರಲ್ಲಿ ಎದ್ದು ಕಾಣುವಷ್ಟು ಕುಗ್ಗಿತ್ತು. ದಿನಕ್ಕೊಮ್ಮೆ ನುಂಗುವ ಮಾತ್ರೆ. ವರ್ಷಗಟ್ಟಲೆ ಆಪರೇಷನ್ ಟೇಬಲ್‌ಗೆ ಹೋಗಿ ಬರುತ್ತಿದ್ದವರಿಗೆ ಇದರ ಬೆಲೆ ಏನೆಂದು ಅಂಕಿಯಲ್ಲಿ ಹೇಳಲಾಗದು. 2023ರ ಡಿಸೆಂಬರ್‌ನಲ್ಲಿ ಮುಂದುವರಿದ ಮೂತ್ರಪಿಂಡದ ಕ್ಯಾನ್ಸರ್‌ಗೂ ಒಪ್ಪಿಗೆ ಸಿಕ್ಕಿತು.

ಇಲ್ಲಿಗೆ ಬಂದಾಗ ಒಂದು ವಾದ ಏಳುತ್ತದೆ. "ನೋಡಿ, ಪರಿಶೀಲನೆ ಇಲ್ಲದೆ ಕೊಟ್ಟ ಹಣವೇ ಗೆದ್ದಿತು. ಸುಮ್ನೆ ಕಾಗದಪತ್ರ ಯಾಕೆ?" ನಾನು ಇದನ್ನು ಒಪ್ಪುವುದಿಲ್ಲ. ಪೆಲೋಟನ್‌ನ ವಿಜ್ಞಾನ ಗಟ್ಟಿಯಾಗಿತ್ತು. ಹಿಂದೆ ಇದ್ದವರು ದೇಶದ ಮುಂಚೂಣಿ ವಿಜ್ಞಾನಿಗಳು. ಅರ್ಜಿ ಪರಿಶೀಲಕರ ಮುಂದೆ ಹೋಗಿದ್ದರೂ ಗೆಲ್ಲುವ ಸಾಧ್ಯತೆಯೇ ಜಾಸ್ತಿ. ಹಾಗೆ ಗೆದ್ದಿದ್ದರೆ ಕಂಪನಿ ಹಗರಣದ ನೆರಳಿನಲ್ಲಿ ವರ್ಷಗಳನ್ನು ಕಳೆಯಬೇಕಿರಲಿಲ್ಲ. ಅದೇ ಪಟ್ಟಿಯ ಪ್ರಯೋಗ ಜಾಲ, ಅದೂ ಸರಿಯಾದ ಪರಿಶೀಲನೆ ಇಲ್ಲದೆ ಹಣ ಪಡೆದದ್ದು, ಮುಳುಗಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಪರಿಶೀಲನೆ ಸರಿಯಾಗಿ ನಡೆದ ಕಡೆ ಅನುದಾನ ಏನು ಮಾಡಬಲ್ಲದು ಎಂಬುದಕ್ಕೆ ಸಿಪ್ರಿಟ್‌ನಲ್ಲೇ ಉದಾಹರಣೆ ಇದೆ. 2012ರಲ್ಲಿ, ಗಲಾಟೆಯ ನಡುವೆಯೇ, ನ್ಯೂಯಾರ್ಕ್‌ನಲ್ಲಿದ್ದ ಜೇಮ್ಸ್ ಆಲಿಸನ್ ಅವರನ್ನು ಎಂ.ಡಿ. ಆ್ಯಂಡರ್ಸನ್‌ಗೆ ಮರಳಿ ಕರೆತರಲು ಅದು 1 ಕೋಟಿ ಡಾಲರ್ ಕೊಟ್ಟಿತು. ಕ್ಯಾನ್ಸರ್ ವಿರುದ್ಧ ದೇಹದ ಸ್ವಂತ ರಕ್ಷಣಾ ಶಕ್ತಿಯನ್ನು ಎಬ್ಬಿಸುವ ಚಿಕಿತ್ಸೆಗೆ 2018ರಲ್ಲಿ ಅವರಿಗೆ ನೊಬೆಲ್ ಬಂತು. ಯಾವ ತೆರಿಗೆ ಕ್ರೆಡಿಟ್ ಒಬ್ಬ ವಿಜ್ಞಾನಿಯನ್ನು ಹೀಗೆ ಊರಿಗೆ ಕರೆತರಬಲ್ಲದು?

ಕ್ರೆಡಿಟ್‌ಗೂ ಅದರದೇ ಆದ ಜಾಗ ಇದೆ, ಅದನ್ನು ಅಲ್ಲಗಳೆಯಲಾರೆ. ಈಗಾಗಲೇ ಔಷಧ ಮಾರುತ್ತಿರುವ, ಕಾರ್ಖಾನೆ ದೊಡ್ಡದು ಮಾಡಬೇಕೆಂದಿರುವ ಕಂಪನಿಗೆ ಅದು ಸಾಕು. ಅಲ್ಲಿ ಯಾರನ್ನೂ ಆರಿಸಬೇಕಿಲ್ಲ. ಲೆಕ್ಕ ಸರಿ ಇದ್ದರೆ ಆಯಿತು. ಟೆಕ್ಸಾಸ್ 2025ರಲ್ಲಿ ತನ್ನ ಸಂಶೋಧನಾ ಕ್ರೆಡಿಟ್‌ನ ಪ್ರಮಾಣವನ್ನು ಶೇ. 8.722ಕ್ಕೆ ಏರಿಸಿದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡಿರುವುದು ಜಾಣತನವೇ.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೆ ಒಂದು ವ್ಯತ್ಯಾಸ ನೆನಪಿರಲಿ. ನಮ್ಮಲ್ಲಿ ಆದಾಯ ತೆರಿಗೆ ಕೇಂದ್ರದ ಕೈಯಲ್ಲಿದೆ. ಆದ್ದರಿಂದ ಮ್ಯಾಸಚೂಸೆಟ್ಸ್ ಮಾಡಿದಂತೆ ರಾಜ್ಯ ಸರ್ಕಾರ ಕಂಪನಿಯ ಆದಾಯ ತೆರಿಗೆಯಲ್ಲಿ ಕ್ರೆಡಿಟ್ ಕೊಡಲು ಬರುವುದಿಲ್ಲ. 2001ರಲ್ಲಿ ದೇಶದಲ್ಲೇ ಮೊದಲು ಬಯೋಟೆಕ್ ನೀತಿ ತಂದ ರಾಜ್ಯ ನಮ್ಮದು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಸರ್ಕಾರಗಳು ಬಳಸಿದ್ದು ಸ್ಟಾಂಪ್ ಡ್ಯೂಟಿ ವಿನಾಯಿತಿ, ಖರ್ಚು ಮಾಡಿದ ಮೇಲೆ ಮರುಪಾವತಿ, ಮತ್ತು ನೇರ ಅನುದಾನ. ಎಲಿವೇಟ್ ಯೋಜನೆಯಲ್ಲಿ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಮರುಪಾವತಿ ಎಂಬುದು ಕ್ರೆಡಿಟ್‌ನ ತಮ್ಮನಿದ್ದಂತೆ: ಮೊದಲು ನೀವು ಖರ್ಚು ಮಾಡಿ, ಆಮೇಲೆ ಬಿಲ್ ತನ್ನಿ. ಕೈಯಲ್ಲಿ ಹಣವೇ ಇಲ್ಲದ ಇಬ್ಬರು ಪಿಎಚ್‌ಡಿ ಹುಡುಗಿಯರು ಕಂಪನಿ ಕಟ್ಟಲು ಹೊರಟರೆ ಅವರಿಗೆ ಬೇಕಾದ್ದು ಅನುದಾನವೇ. ಅದು ಬೆಳೆದಷ್ಟೂ, ಯಾರು ಓದಿದರು, ಯಾವ ಅಂಕ ಕೊಟ್ಟರು ಎಂಬ ಪ್ರಶ್ನೆ ಇಲ್ಲಿಯೂ ಬಂದೇ ಬರುತ್ತದೆ. ಟೆಕ್ಸಾಸ್‌ನಂತೆ ಹೊರರಾಜ್ಯದ ಪರಿಶೀಲಕರನ್ನು ಕರೆಯಲು ನಮಗೆ ಅಡ್ಡಿಯೇನೂ ಇಲ್ಲ. ಹೈದರಾಬಾದ್, ಪುಣೆ, ದೆಹಲಿಯಲ್ಲಿ ಬಲ್ಲವರು ಎಷ್ಟೋ ಜನ ಇದ್ದಾರೆ.

ಗಿಲ್ಮನ್ 2015ರ ಡಿಸೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ತೀರಿಕೊಂಡರು. ಬೆಲ್ಜುಟಿಫಾನ್ ರೋಗಿಗಳನ್ನು ತಲುಪಿದ್ದನ್ನು ಅವರು ನೋಡಲಿಲ್ಲ. ಅವರು ಹಟ ಹಿಡಿದದ್ದು ಮಾತ್ರ ನಿಯಮವಾಗಿ ನಿಂತಿದೆ. ಈಗ ಸಿಪ್ರಿಟ್‌ನಲ್ಲಿ ಪ್ರತಿ ಶಿಫಾರಸಿನ ಜೊತೆಗೂ ದಾಖಲೆ ಹೋಗುತ್ತದೆ. ಅರ್ಜಿ ಯಾವಾಗ ಬಂತು, ಪರಿಶೀಲನೆ ನಡೆಯಿತೋ, ಅಂಕ ಎಷ್ಟು, ಹಿತಾಸಕ್ತಿ ಇದ್ದ ಕಾರಣ ದೂರ ಉಳಿದವರು ಯಾರು ಎಂದೆಲ್ಲ ಅದರಲ್ಲಿರುತ್ತದೆ. ಅದೆಲ್ಲ ಸರಿ ಇದೆ ಎಂದು ಕಂಪ್ಲಯನ್ಸ್ ಅಧಿಕಾರಿ ದೃಢೀಕರಿಸದೆ ಸಮಿತಿ ಮತ ಹಾಕುವುದಿಲ್ಲ. 2010ರ ಆ ಫೈಲ್‌ನಲ್ಲಿ ಇರದಿದ್ದದ್ದು ಇದೇ.